ಬ್ಯಾಂಕಾಕಿಗೆ ಹೋಗಿ ಅನ್ನ-ಪಪ್ಪು ಉಂಡು ಬರಬೇಡಿ

ನಮ್ಮ ಮಡಕಶಿರಾ ಸೀಮೆಯಲ್ಲಿ ಬ್ಯಾಂಕಾಕ್ ಎಂಬ ಹೆಸರು ಕೇಳದವರು ಕಡಿಮೆ. ಗೊಬ್ಬರ, ಬಿತ್ತನೆ ಬೀಜ, ಕ್ರಿಮಿನಾಶಕ ಮಾರುವ ಅಂಗಡಿಯವರಿಗೆ "ಇಷ್ಟು ಮಾಲು ಮಾರಿದರೆ ಬ್ಯಾಂಕಾಕ್ ಟೂರು" ಅಂತ ಕಂಪನಿಗಳು ಆಸೆ ತೋರಿಸುವುದು ವರ್ಷಗಳಿಂದ ನಡೆದುಬಂದ ಸಂಗತಿ. ಹೋಗಿ ಬಂದವರನ್ನು ಅರಳಿಕಟ್ಟೆಯಲ್ಲಿ ಕೂಡಿಸಿ "ಏನು ನೋಡಿದ್ರಿ?" ಅಂದರೆ ಮುಸಿಮುಸಿ ನಗುತ್ತಾರೆ. "ಏನು ತಿಂದ್ರಿ?" ಅಂದರೆ ಮಾತ್ರ ನಗದೆ ಹೇಳುತ್ತಾರೆ: "ಅನ್ನ, ಪಪ್ಪು, ಚಪಾತಿ. ದಿನಾ ಇಂಡಿಯನ್ ಹೋಟೆಲಿಗೇ ಕರಕೊಂಡು ಹೋಗ್ತಿದ್ರು."

ನಾನೂ ಒಮ್ಮೆ ಹೋಗಿ ಬರಬೇಕು ಅಂದಾಗ ನಮ್ಮಾಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಏಮಿ, ಈ ವಯಸುಲೋ ಬ್ಯಾಂಕಾಕಾ?" ಅಂದಳು. ಆ ಊರಿಗಿರುವ ಹೆಸರು ಅಂಥದ್ದು. ನೀನೂ ಬಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ಕನ್ನಡದಲ್ಲಿ ಕೇಳಿದಳು: "ನಾನಲ್ಲಿ ಏನು ತಿನ್ನಲಿ?" ಕಸಾಪುರದ ಆಂಜನೇಯಸ್ವಾಮಿಗೆ ಹರಕೆ ಹೊತ್ತು ಮಾಂಸ, ಮೀನು, ಮೊಟ್ಟೆ ಬಿಟ್ಟವಳು ಅವಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದೇ ನಮ್ಮ ಪ್ರವಾಸದ ಯೋಜನೆಯಾಯಿತು. 2024ರ ನವೆಂಬರಿನಲ್ಲಿ, ಹುಣಿಸೆಹಣ್ಣು ಮತ್ತು ಎರಡು ಬೆಳೆ ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ, ಏಜೆಂಟರ ಗೊಡವೆಯಿಲ್ಲದೆ ನಾವಿಬ್ಬರೇ ಹೋಗಿ ಬಂದೆವು. ಹೋಗಬೇಕೆನ್ನುವ ರೈತರಿಗೆ, ವ್ಯಾಪಾರಸ್ಥರಿಗೆ ಉಪಯೋಗವಾದೀತೆಂದು ಈ ಲೆಕ್ಕ.

ಮೊದಲು ದುಡ್ಡಿನ ಮಾತು. ಮೂರು ತಿಂಗಳು ಮುಂಚೆ ಕೊಂಡ ಇಬ್ಬರ ವಿಮಾನ ಟಿಕೆಟ್ಟು, ಹೋಗಿಬರಲು 41 ಸಾವಿರ ರೂಪಾಯಿ. ರೂಮು ದಿನಕ್ಕೆ 900 ಬಾತ್, ನಾಲ್ಕು ರಾತ್ರಿ. ಬಾತ್ ಅಂದರೆ ಅವರ ರೂಪಾಯಿ. ಆಗ ನಮ್ಮ ಎರಡೂವರೆ ರೂಪಾಯಿ ಲೆಕ್ಕ ಹಿಡಿದಿದ್ದೆ, ಆಮೇಲೆ ಏರಿದೆ. ಊಟ-ತಿಂಡಿಗೆ ಇಬ್ಬರಿಂದ ದಿನಕ್ಕೆ 400 ಬಾತ್ ಮುಟ್ಟಲಿಲ್ಲ. ಅರಮನೆ, ಗುಡಿಗಳ ಪ್ರವೇಶಕ್ಕೆ ಇಬ್ಬರದೂ ಸೇರಿ 2000 ಬಾತ್, ಇದೇ ಭಾರ. ರೈಲು, ದೋಣಿಗೆ ನಾಲ್ಕೂ ದಿನ ಸೇರಿ 800. ಊರಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿ ಬಂದದ್ದು, ಚಿಲ್ಲರೆ ಖರ್ಚು ಎಲ್ಲ ಹಿಡಿದು ಇಬ್ಬರಿಗೂ 65 ಸಾವಿರದೊಳಗೆ ಮುಗಿಯಿತು. ಪಾಸ್‌ಪೋರ್ಟಿನ ತಲಾ 1500 ರೂಪಾಯಿ ಬೇರೆ. ಒಂದು ಬೋರು ಕೊರೆಸಿ ನೀರು ಬೀಳದೆ ಹೋದರೆ ಇದಕ್ಕಿಂತ ಹೆಚ್ಚು ಹೋಗುತ್ತದೆ. ನನಗೆ ಆ ಅನುಭವವೂ ಉಂಟು.

ಕಾಗದಪತ್ರ ಅಷ್ಟು ಕಷ್ಟವಿಲ್ಲ. 2023ರ ನವೆಂಬರಿನಿಂದ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಬಿಟ್ಟರು, 2024ರ ಜುಲೈಯಲ್ಲಿ ಅದನ್ನು 60 ದಿನ ಮಾಡಿದರು. ಇಂಥ ನಿಯಮ ಸರ್ಕಾರ ಮನಸ್ಸು ಬಂದಾಗ ತಿರುಗಿಸುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ಒಮ್ಮೆ ವಿಚಾರಿಸಿ. ನಾವು ಹೋದ ಮೇಲೆ ಒಂದು ಹೊಸದು ಬಂದಿದೆ: 2025ರ ಮೇ 1ರಿಂದ, ಅಲ್ಲಿಗೆ ಇಳಿಯುವ ಮುಂಚಿನ ಮೂರು ದಿನದೊಳಗೆ ಆಗಮನ ಪತ್ರವನ್ನು ಫೋನಿನಲ್ಲೇ ತುಂಬಬೇಕು. ಅದಕ್ಕೆ ಫೀಜಿಲ್ಲ. ದುಡ್ಡು ಕೇಳುವವರು ಸಿಕ್ಕರೆ ದಲ್ಲಾಳಿ ಅಂತ ತಿಳಿಯಿರಿ. ನಿಮ್ಮ ಮಕ್ಕಳ ಕೈಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ.

ಕಾಲ ಯಾವುದು ಅಂದರೆ ನವೆಂಬರಿನಿಂದ ಫೆಬ್ರವರಿ. ಏಪ್ರಿಲಿನ ಬಿಸಿಲು ನಮ್ಮ ಸೀಮೆಯವರಿಗೇ ಬೇಡ, ಅಷ್ಟು ಬೆವರು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜಡಿಮಳೆ. ನಾನು ಹಬ್ಬ ನೋಡಿ ದಿನ ಗೊತ್ತುಮಾಡಿದೆ. ಅದನ್ನು ಮುಂದೆ ಹೇಳುತ್ತೇನೆ.

ರೂಮು ಹಿಡಿಯುವುದು ಎಲ್ಲಿ ಅನ್ನುವುದರ ಮೇಲೆ ಅರ್ಧ ಖರ್ಚು ನಿಂತಿದೆ. ಕಂಪನಿಯವರು ಇಳಿಸುವ ದೊಡ್ಡ ಹೋಟೆಲುಗಳ ಕಡೆ ಹೋಗಲೇಬೇಡಿ. ವಿಮಾನ ನಿಲ್ದಾಣದಿಂದ ರೈಲು ಉಂಟು. ಮಕ್ಕಸನ್ ಅಂಬಲ್ಲಿ ಇಳಿದು, ಪಕ್ಕದ ಫೆಚ್ಚಬುರಿ ನಿಲ್ದಾಣಕ್ಕೆ ನಡೆದು ನೆಲದಡಿಯ ರೈಲು ಹತ್ತಿದರೆ ಹಳೇ ಪೇಟೆಗೆ ಹೋಗುತ್ತದೆ. 2019ರಲ್ಲಿ ಆ ಕಡೆ ವಾಟ್ ಮಂಗ್ಕೋನ್, ಸಾಮ್ ಯೋತ್, ಸನಮ್ ಚಾಯ್ ಎಂಬ ನಿಲ್ದಾಣಗಳನ್ನು ತೆರೆದರು. ಸಾಮ್ ಯೋತ್ ಹತ್ತಿರದ ಗಲ್ಲಿಯಲ್ಲಿ ನಮ್ಮ ರೂಮು. ಅಲ್ಲಿಂದ ಚೀನೀ ಪೇಟೆ ಯವೊರಾತ್, ಸಿಖ್ಖರ ಬಟ್ಟೆ ಅಂಗಡಿಗಳ ಪಾಹುರತ್, ಹೂವಿನ ಮಂಡಿ ಎಲ್ಲ ಕಾಲುನಡಿಗೆ; ಅರಮನೆ ಸ್ವಲ್ಪ ದೂರ. ಊರ ನಡುವೆ ಚಾವೊ ಫ್ರಾಯ ಹೊಳೆ ಹರಿಯುತ್ತದೆ. ಕಿತ್ತಳೆ ಬಾವುಟದ ದೋಣಿ ಬಸ್ಸಿಗೆ ಎಷ್ಟು ದೂರ ಹೋದರೂ 16 ಬಾತ್ ಕೊಟ್ಟೆವು. ಆಟೋದಂಥ ಟುಕ್ ಟುಕ್ ನೋಡಲು ಚೆಂದ, ಹತ್ತಿದರೆ ಜೇಬು ಹಗುರ.

ಈಗ ಊಟ. ಮೊದಲ ಮಧ್ಯಾಹ್ನವೇ ನಾನು ತಪ್ಪು ಮಾಡಿದೆ.

ಬೀದಿಬದಿಯಲ್ಲಿ ಒಬ್ಬ ಹೆಂಗಸು ಒರಳಿನಲ್ಲಿ ಪರಂಗಿಕಾಯಿ ಎಳೆಗಳನ್ನು ಕುಟ್ಟುತ್ತಿದ್ದಳು. ಸೋಮ್ ತಮ್ ಅಂತ ಅದರ ಹೆಸರು. ಈಶಾನ್ಯದ ಲಾವೋ ಮಾತಿನ ಜನ ಬ್ಯಾಂಕಾಕಿಗೆ ಕೂಲಿಗೆ ಬರುವಾಗ ತಂದ ತಿನಿಸು. ಬೆಳ್ಳುಳ್ಳಿ, ಮೆಣಸಿನಕಾಯಿ, ತಾಳೆಬೆಲ್ಲ, ನಿಂಬೆರಸ, ಹಸಿ ಅಲಸಂದೆಕಾಯಿ, ಹುರಿದ ಕಡಲೆಬೀಜ. ಮರದ ಒನಕೆಯಲ್ಲಿ ಜಜ್ಜುವ ಸದ್ದಿಗೇ ಬಾಯಲ್ಲಿ ನೀರು. ನಾನು ಕೈಸನ್ನೆ ಮಾಡಿ "ನೋ ಚಿಕನ್, ನೋ ಮಟನ್" ಅಂದೆ. ಆಕೆ ತಲೆಯಾಡಿಸಿದಳು. ನಮ್ಮಾಕೆ ಎರಡು ತುತ್ತು ತಿಂದು, "ಬಾಗುಂದಿ" ಅಂದು, ಮೂರನೆಯದಕ್ಕೆ ಚಮಚ ಹಾಕಿದಾಗ ಒಣಸೀಗಡಿ ಕಣ್ಣು ಬಿಟ್ಟುಕೊಂಡು ಬಂತು. ಚಮಚ ಕೆಳಗಿಟ್ಟವಳು ಸಂಜೆತನಕ ನನ್ನ ಜೊತೆ ಮಾತಾಡಲಿಲ್ಲ. ರಾತ್ರಿ ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಕಡಲೆಬೀಜದ ಚಟ್ನಿಪುಡಿ, ಬಾಳೆಹಣ್ಣು, ಅಷ್ಟೇ. ಆ ಹೆಂಗಸಿನದು ತಪ್ಪಲ್ಲ. ಕೋಳಿ ಬೇಡ ಅಂದೆ, ಕೋಳಿ ಹಾಕಲಿಲ್ಲ.

ಅಲ್ಲಿ ಉಪ್ಪಿನ ಕೆಲಸ ಮಾಡುವುದು ಮೀನಿನ ರಸ, ನಾಮ್ ಪ್ಲಾ. ಸೊಪ್ಪಿಗೂ ಅದೇ, ಸಾರಿಗೂ ಅದೇ. ಅದರ ಮೇಲೆ ಸೀಗಡಿ ಗೊಜ್ಜು, ಸಿಂಪಿಯ ರಸ. "ಮಾಂಸ ಬೇಡ" ಅಂದರೆ ಇವು ಯಾವುವೂ ಬಿಟ್ಟುಹೋಗುವುದಿಲ್ಲ. ಹೇಳಬೇಕಾದ ಮಾತು ಒಂದೇ ಅಕ್ಷರದ್ದು: ಜೇ. ಚೀನೀ ಮೂಲದ ಬೌದ್ಧರ ವ್ರತದ ಊಟಕ್ಕೆ ಆ ಹೆಸರು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ನಮ್ಮ ಏಕಾದಶಿಯವರ ಹಾಗೆ ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದ ಬಾವುಟ ಕಟ್ಟಿರುತ್ತಾರೆ. ನಮ್ಮ ಕಣ್ಣಿಗೆ ಆ ಅಕ್ಷರ 17 ಬರೆದ ಹಾಗೆ ಕಾಣುತ್ತದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಹೆಚ್ಚಾಗಿ ಅಕ್ಟೋಬರಿನಲ್ಲಿ, ಯವೊರಾತ್ ಬೀದಿಯೆಲ್ಲ ಆ ಬಾವುಟವೇ ಆಗಿರುತ್ತದೆ. ಶುದ್ಧ ಶಾಕಾಹಾರಿಗಳು ಮಳೆಗೆ ಹೆದರದಿದ್ದರೆ ಆಗಲೇ ಹೋಗುವುದು ಒಳ್ಳೆಯದು. ಉಳಿದ ದಿನಗಳಲ್ಲೂ ಅಲ್ಲೊಂದು ಇಲ್ಲೊಂದು ಜೇ ಅಂಗಡಿ ಸಿಗುತ್ತದೆ. ಇನ್ನೊಂದು ಮಾತು ಮಾಂಗ್ಸವಿರತ್. ಬಿಡಿಸಿ ನೋಡಿ: ಮಾಂಸ, ವಿರತಿ. ಇದು ಮೊಟ್ಟೆ-ಹಾಲು ನಡೆಯುವ ಸಸ್ಯಾಹಾರ.

ಮರುದಿನ ಬೆಳಿಗ್ಗೆ ಲಾಡ್ಜಿನ ಹುಡುಗಿಗೆ ನಮ್ಮ ಕಥೆ ಹೇಳಿದೆ. ನಕ್ಕು, ಒಂದು ಚೀಟಿಯಲ್ಲಿ ಥಾಯ್ ಅಕ್ಷರದಲ್ಲಿ ಬರೆದುಕೊಟ್ಟಳು: ಜೇ ಊಟ, ಮೀನಿನ ರಸ ಬೇಡ, ಸೀಗಡಿ ಬೇಡ, ಮೊಟ್ಟೆ ಬೇಡ. ನಾಲ್ಕು ದಿನದಲ್ಲಿ ಪಾಸ್‌ಪೋರ್ಟಿಗಿಂತ ಹೆಚ್ಚು ಸಲ ಹೊರಗೆ ತೆಗೆದದ್ದು ಆ ಚೀಟಿಯನ್ನೇ. ಒಂದು ಜೇ ಅಂಗಡಿಯಲ್ಲಿ ತಟ್ಟೆ ತುಂಬ ಕೋಳಿತುಂಡು ಕಂಡು ನಮ್ಮಾಕೆ ಮತ್ತೆ ಎದ್ದು ನಿಂತಳು. ನೋಡಿದರೆ ಗೋಧಿಯ ಅಂಟಿನಿಂದ ಮಾಡಿದ ಸುಳ್ಳು ಕೋಳಿ! ಮಾಂಸ ಬಿಟ್ಟವರಿಗೆ ಮಾಂಸದ ಆಕಾರ ಯಾಕೆ ಬೇಕೋ ನನಗಂತೂ ತಿಳಿಯಲಿಲ್ಲ.

ಆ ಚೀಟಿ ಸಿಕ್ಕ ಮೇಲೆ ನೋಡಿ, ಆ ಊರಿನ ಅಡುಗೆ ನಮಗೆ ಎಷ್ಟು ಹತ್ತಿರದ್ದು ಅಂತ ತಿಳಿದದ್ದು. ಪಾಡ್ ಥಾಯ್ ಅಂದರೆ ಅಕ್ಕಿಯ ಚಪ್ಪಟೆ ಶ್ಯಾವಿಗೆ. ಅದಕ್ಕೆ ಹುಣಿಸೆರಸ, ತಾಳೆಬೆಲ್ಲ, ಮೊಳಕೆಕಾಳು, ಮೇಲೆ ಕಡಲೆಬೀಜದ ತರಿ. ಹುಣಿಸೆ, ಬೆಲ್ಲ, ಕಡಲೆಬೀಜ ಮೂರೂ ನಮ್ಮ ಹಿಂದೂಪುರದ ಸಂತೆಯ ಮಾಲೇ ಅಲ್ಲವೆ! ಇದನ್ನು ದೇಶದ ತಿಂಡಿಯಾಗಿ ಬೆಳೆಸಿದ್ದು ಪ್ರಧಾನಿ ಫಿಬೂನ್‌ಸೊಂಗ್‌ಖ್ರಾಮನ ಸರ್ಕಾರ. ಸಯಾಮ್ ಎಂಬ ಹೆಸರು ತೆಗೆದು 1939ರಲ್ಲಿ ಥಾಯ್ಲೆಂಡ್ ಮಾಡಿದವನೂ ಅವನೇ. ಮಸ್ಸಮನ್ ಎಂಬ ಸಾರಿನಲ್ಲಿ ಚಕ್ಕೆ, ಲವಂಗ, ಏಲಕ್ಕಿ, ಆಲೂಗಡ್ಡೆ, ಮತ್ತೆ ಕಡಲೆಬೀಜ. ಸಮುದ್ರದ ಮೇಲೆ ಬಂದ ಮುಸಲ್ಮಾನ ವ್ಯಾಪಾರಿಗಳ ನೆನಪು ಅದು. ಎರಡನೇ ರಾಮ ಎಂಬ ರಾಜ (1809-1824) ಈ ಸಾರನ್ನೂ ಇನ್ನಷ್ಟು ಅಡುಗೆಗಳನ್ನೂ ಹೊಗಳಿ ದೋಣಿಪದ ಕಟ್ಟಿದ್ದಾನೆ. ನಮ್ಮಲ್ಲೂ ಮಂಗರಸ ಅಡುಗೆಯ ಮೇಲೆ ಸೂಪಶಾಸ್ತ್ರ ಬರೆಯಲಿಲ್ಲವೆ? ಕವಿಗಳಿಗೆ ಹಸಿವಾಗುವುದಿಲ್ಲ ಅನ್ನುವವರು ಗಮನಿಸಬೇಕು.

ನಮ್ಮಾಕೆಯ ಮೌನ ಪೂರ್ತಿ ಮುರಿದದ್ದು ಒಂದು ಹಂಚಿನ ಮುಂದೆ. ಗುಳಿಗುಳಿ ಇರುವ ಹಂಚು, ಮೇಲೆ ಮುಚ್ಚಳ, ಕೆಳಗೆ ಇದ್ದಲು. "ಅಯ್ಯೋ, ಗುಂತಪೊಂಗಣಾಲು!" ಅಂತ ಕೂಗಿಯೇ ಬಿಟ್ಟಳು. ಖನೋಮ್ ಖ್ರೋಕ್ ಅಂತ ಅಲ್ಲಿಯ ಹೆಸರು. ಅಕ್ಕಿಹಿಟ್ಟು, ತೆಂಗಿನಹಾಲು, ಸ್ವಲ್ಪ ಸಕ್ಕರೆ. ಅಂಚು ಗರಿಗರಿ, ಒಳಗೆ ಗಿಣ್ಣಿನ ಹಾಗೆ ಮೆತ್ತಗೆ. ನಮ್ಮ ಪಡ್ಡಿನ ಹಾಗೆ ಮಗುಚಿ ಹಾಕುವುದಿಲ್ಲ, ಎರಡು ಅರ್ಧಗಳನ್ನು ಜೋಡಿಸಿ ಕೊಡುತ್ತಾರೆ. ಮುಂದಿನ ಮೂರು ಬೆಳಿಗ್ಗೆಯೂ ಅದೇ ನಮ್ಮ ತಿಂಡಿ. ಅದರ ಜೊತೆಗೆ ಪರಿಮಳದ ಎಳನೀರು, ಕೊಯ್ದಿಟ್ಟ ಪೇರಲೆ, ಪೊಮೆಲೊ ಎಂಬ ದೊಡ್ಡ ಚಕ್ಕೋತ. ಹೊಟ್ಟೆಗೇನೂ ಕಡಿಮೆಯಾಗಲಿಲ್ಲ.

ಅರಮನೆ, ಆಂಜನೇಯ, ಉಳುಮೆ

ನೋಡುವುದಕ್ಕೆ ನೂರು ಉಂಟು, ನಾಲ್ಕು ದಿನಕ್ಕೆ ಮೂರು ಸಾಕು. ಅರಮನೆ ಮತ್ತು ಅದರೊಳಗಿನ ವಾಟ್ ಫ್ರಾ ಕೇವ್ ಗುಡಿಗೆ ತಲಾ 500 ಬಾತ್. ಮಲಗಿದ ಬುದ್ಧನ ವಾಟ್ ಫೋಗೆ 300. ಹೊಳೆಯಾಚೆಯ ವಾಟ್ ಅರುಣ್‌ಗೆ 200. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ಅರಮನೆಯಲ್ಲಿರಿ. ಭುಜ, ಮೊಣಕಾಲು ಕಾಣುವ ಬಟ್ಟೆ ನಡೆಯದು. ಸೀರೆ, ಪ್ಯಾಂಟು ನಿಶ್ಚಿಂತೆ. ದಾರಿಯಲ್ಲಿ ಒಬ್ಬ ಸಭ್ಯ ಮನುಷ್ಯ ಅಡ್ಡಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ಗುಡಿ ತೋರಿಸ್ತೀನಿ, 20 ಬಾತ್ ಸಾಕು" ಅಂದ. ಅವನ ಜೊತೆ ಹೋದರೆ ಕೊನೆಗೆ ಇಳಿಸುವುದು ಹರಳಿನ ಅಂಗಡಿಯಲ್ಲಿ, ಇದು ಆ ಊರಿನ ಹಳೇ ಆಟ. ನಾಲ್ಕು ಮಂಡಿ ಕಂಡ ವ್ಯಾಪಾರಸ್ಥರು ಇದಕ್ಕೆ ಬೀಳಬಾರದು.

1767ರಲ್ಲಿ ಬರ್ಮಾದವರು ಹಳೇ ರಾಜಧಾನಿಯನ್ನು ಸುಟ್ಟರು. ಆ ಊರಿನ ಹೆಸರು ಅಯುತ್ಥಯ, ನಮ್ಮ ಅಯೋಧ್ಯೆ. 1782ರಲ್ಲಿ ಮೊದಲನೇ ರಾಮ ಬ್ಯಾಂಕಾಕಿನಲ್ಲಿ ಹೊಸ ರಾಜಧಾನಿ ಕಟ್ಟಿ, ರಾಮಾಯಣವನ್ನು ತಮ್ಮ ಭಾಷೆಯಲ್ಲಿ ರಾಮಕೀನ್ ಎಂದು ಬರೆಸಿದ. ಗುಡಿಯ ಸುತ್ತಿನ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಆ ಕಥೆಯೇ ನಡೆಯುತ್ತದೆ. ರಾವಣನಿಗೆ ತೋಸಕನ್ ಎಂದು ಹೆಸರು, ಅಂದರೆ ದಶಕಂಠ. ಹನುಮಂತ ಬೆಳ್ಳಗಿದ್ದಾನೆ, ಶೂರನೂ ಹೌದು, ಆದರೆ ಬ್ರಹ್ಮಚಾರಿಯಲ್ಲ! ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ ಸುವನ್ನಮಚ್ಛಾಳನ್ನು ಒಲಿಸಿಕೊಂಡು ಒಬ್ಬ ಮಗನನ್ನೂ ಪಡೆಯುತ್ತಾನೆ. ನಮ್ಮಾಕೆ ಆ ಚಿತ್ರದ ಮುಂದೆ ಸೆರಗು ಬಾಯಿಗೆ ಹಿಡಿದು ನಿಂತು, "ಇದು ನಮ್ಮ ಕಸಾಪುರದ ಸ್ವಾಮಿ ಅಲ್ಲ ಬಿಡ್ರಿ" ಅಂತ ತೀರ್ಪು ಕೊಟ್ಟು ಮುಂದೆ ನಡೆದಳು. ನಾವು ಹೋದಾಗ ಅರಮನೆಯ ಟಿಕೆಟ್ಟಿನಲ್ಲೇ ಖೋನ್ ಎಂಬ ಮುಖವಾಡದ ಕುಣಿತವೂ ಸೇರಿತ್ತು; ನಮ್ಮ ಬಯಲಾಟ ಕಂಡವರು ಬಿಡಬಾರದು. ಟಿಕೆಟ್ ಕೊಳ್ಳುವಾಗಲೇ ಕೇಳಿ.

ಎರಡು ಭಾಷೆಯಲ್ಲಿ ಬದುಕುವ ನಮ್ಮಂಥವರಿಗೆ ಬೋರ್ಡು ಓದಿಸಿಕೊಳ್ಳುವುದೇ ಒಂದು ಮೋಜು. ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಬರೆಯುವುದು ಹಾಗೇ, ಬಾಯಲ್ಲಿ ಸುವನ್ನಪೂಮ್. ಆಹಾರ ಅವರಿಗೆ ಆಹಾನ್, ನಗರ ನಖೋನ್, ಭಾಷೆ ಫಾಸಾ, ಗುರು ಖ್ರೂ. ಅವರ ಲಿಪಿ ಪಲ್ಲವರ ಲಿಪಿಯಿಂದ ಖ್ಮೇರರ ಕೈದಾಟಿ ಬಂದದ್ದು. ನಮ್ಮ ಕನ್ನಡ-ತೆಲುಗು ಲಿಪಿಗೆ ದೂರದ ದಾಯಾದಿ.

ಅರಮನೆಯ ಮುಂದೆ ಸನಮ್ ಲುವಾಂಗ್ ಎಂಬ ದೊಡ್ಡ ಬಯಲಿದೆ. ಬಸ್ಸಿನಲ್ಲಿ ಬಂದ ಪ್ರವಾಸಿಗರು ಅದನ್ನು ತಿರುಗಿ ನೋಡುವುದಿಲ್ಲ. ನಾನು ಅರ್ಧ ಗಂಟೆ ನಿಂತೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಲ್ಲಿ ರಾಜರ ಉಳುಮೆ ನಡೆಯುತ್ತದೆ, ನಮ್ಮ ಕಾರಹುಣ್ಣಿಮೆ, ಏರುವಾಕದ ಹಾಗೆ. ನಡುವೆ ನಿಂತುಹೋಗಿದ್ದನ್ನು 1960ರಲ್ಲಿ ಮತ್ತೆ ಶುರುಮಾಡಿದರು. ಆಸ್ಥಾನದ ಬ್ರಾಹ್ಮಣರು ಪೂಜೆ ಮಾಡುತ್ತಾರೆ. ಉಳುವ ಅಧಿಕಾರಿ ಮುಚ್ಚಿಟ್ಟ ಮೂರು ಪಂಚೆಗಳಲ್ಲಿ ಒಂದನ್ನು ಆರಿಸಬೇಕು: ಗಿಡ್ಡದು ಬಂದರೆ ಮಳೆ ಜೋರು, ಉದ್ದದು ಬಂದರೆ ಮಳೆ ಕಡಿಮೆ. ಗದ್ದೆಯಲ್ಲಿ ನೀರು ನಿಂತರೆ ಪಂಚೆ ಮೇಲೆ ಕಟ್ಟುತ್ತೇವಲ್ಲ, ಆ ಲೆಕ್ಕ. ಆಮೇಲೆ ಎತ್ತುಗಳ ಮುಂದೆ ಭತ್ತ, ಮೆಕ್ಕೆಜೋಳ, ಕಾಳು, ಎಳ್ಳು, ಹುಲ್ಲು, ನೀರು, ಹೆಂಡ ಇಡುತ್ತಾರೆ. ಎತ್ತು ಯಾವುದಕ್ಕೆ ಬಾಯಿ ಹಾಕಿತೋ ಅದರ ಮೇಲೆ ವರ್ಷದ ಫಲ ಹೇಳುತ್ತಾರೆ. ಎಲ್ಲ ಮುಗಿದ ಮೇಲೆ ರೈತರು ಬಯಲಿಗೆ ನುಗ್ಗಿ, ಬಿತ್ತಿದ ಭತ್ತದ ಕಾಳುಗಳನ್ನು ಮಣ್ಣಿಂದ ಆರಿಸಿ, ಮನೆಗೆ ಒಯ್ದು ತಮ್ಮ ಬಿತ್ತನೆಯಲ್ಲಿ ಬೆರೆಸುತ್ತಾರೆ. ಬಿಸಿಲು ತಡೆಯುವವರು ಮೇಯಲ್ಲೇ ಹೋಗಿ ಇದನ್ನು ನೋಡಬಹುದು. ದಿನವನ್ನು ಜೋಯಿಸರು ಗೊತ್ತುಮಾಡುತ್ತಾರೆ.

ರಾಜಮನೆತನದ ಬಗ್ಗೆ ಮಾತ್ರ ಅಲ್ಲಿ ಹಗುರ ಮಾತು ಬೇಡ. ಕಾನೂನು ಕಠಿಣ, ವರ್ಷಗಟ್ಟಲೆ ಜೈಲು. ನಮ್ಮ ಕಟ್ಟೆಯ ಮೇಲಿನ ರಾಜಕೀಯ ನಮ್ಮ ಕಟ್ಟೆಗೇ ಇರಲಿ.

ರೈತರು ಬಿಡಬಾರದ ಎರಡು ಮಾರುಕಟ್ಟೆ ಹೇಳುತ್ತೇನೆ. ಪಾಕ್ ಖ್ಲೋಂಗ್ ಹೂವಿನ ಮಂಡಿ ರಾತ್ರಿಯಿಡೀ ತೆರೆದಿರುತ್ತದೆ, ದುಡ್ಡಿಲ್ಲದ ನೋಟ. ಚೆಂಡುಹೂ, ಮಲ್ಲಿಗೆ, ತಾವರೆಮೊಗ್ಗಿನ ರಾಶಿ. ಇನ್ನೊಂದು ಓ ತೋ ಕೋ, ಕಾಂಫೆಂಗ್ ಫೆಟ್ ನಿಲ್ದಾಣದ ಪಕ್ಕ, ಅಲ್ಲಿಯ ಸರ್ಕಾರದ ರೈತ ಮಾರಾಟ ಸಂಸ್ಥೆಯದು. ಫೆಚ್ಚಬೂನ್ ಪ್ರಾಂತದ ಸಿಹಿಹುಣಿಸೆಯನ್ನು ಸಿಪ್ಪೆ ಒಡೆಯದೆ, ಒಂದೇ ಅಳತೆಯ ಕಾಯಿ ಆರಿಸಿ, ಪೆಟ್ಟಿಗೆಯಲ್ಲಿ ಜೋಡಿಸಿ ಹಣ್ಣಿನ ಹಾಗೆ ಮಾರುತ್ತಿದ್ದರು. ನಾವು ಸಿಪ್ಪೆ ತೆಗೆದು, ಬೀಜ ಕುಟ್ಟಿ, ಮುದ್ದೆ ಮಾಡಿ ಮಂಡಿಗೆ ಹಾಕಿ ತೂಕದಲ್ಲಿ ತಳ್ಳಿಸಿಕೊಳ್ಳುತ್ತೇವೆ. ಬೆಲೆ ಕೇಳಿ ನನ್ನ ಹೊಟ್ಟೆ ಉರಿಯಿತು. ಹಾಗಂತ ಬೀಜ ಜೇಬಿಗೆ ಹಾಕಿಕೊಂಡು ಬರಬೇಡಿ. ಪರವಾನಗಿ ಇಲ್ಲದೆ ಬಿತ್ತನೆ ಬೀಜ, ಸಸಿ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ.

ಹಬ್ಬದ ಮಾತು ಹೇಳುತ್ತೇನೆ ಅಂದಿದ್ದೆ. ನಾವು ಹೋದದ್ದು ಕಾರ್ತೀಕ ಹುಣ್ಣಿಮೆಗೆ, 2024ರಲ್ಲಿ ನವೆಂಬರ್ 15. ಅಂದು ಅವರಿಗೆ ಲೋಯ್ ಕ್ರತೋಂಗ್. ಬಾಳೆದಿಂಡಿನ ಬಿಲ್ಲೆಯ ಸುತ್ತ ಬಾಳೆಲೆ ಮಡಚಿ ಚುಚ್ಚಿ, ಹೂವು, ಊದುಬತ್ತಿ, ಮೇಣದಬತ್ತಿ ಇಟ್ಟು ನೀರಿಗೆ ಬಿಡುತ್ತಾರೆ. ಯಾರಿಗೆ ಅಂದರೆ ಫ್ರಾ ಮೇ ಖೋಂಗ್‌ಖಾ, ಅಂದರೆ ಗಂಗಮ್ಮ ತಾಯಿಗೆ. ವರ್ಷವಿಡೀ ನಿನ್ನ ನೀರು ಕುಡಿದೆವು, ಹೊಲಸು ಮಾಡಿದೆವು, ತಪ್ಪಾಯ್ತು ತಾಯಿ ಅಂತ ಕೇಳಿಕೊಳ್ಳುವ ಹಬ್ಬ. 40 ಬಾತ್ ಕೊಟ್ಟು ಒಂದು ಕೊಂಡೆವು. ದೋಣಿಕಟ್ಟೆಯ ಮೆಟ್ಟಿಲ ಮೇಲೆ ಜನವೋ ಜನ, ಆದರೂ ನೂಕಾಟವಿಲ್ಲ. ನಮ್ಮಾಕೆ ಕೂತು, ಬತ್ತಿ ಹಚ್ಚಿ, ನೀರಿಗೆ ಬಿಟ್ಟಳು. "ಗಂಗಮ್ಮ ತಲ್ಲೀ, ಮಾ ಬೋರ್ಲೋ ನೀಳ್ಳು ರಾನೀಯಮ್ಮಾ" ಅಂದದ್ದು ನನಗೆ ಕೇಳಿಸಿತು. ಪಕ್ಕದಲ್ಲಿದ್ದ ಥಾಯ್ ಅಜ್ಜಿ ಭಾಷೆ ತಿಳಿಯದಿದ್ದರೂ ಕೈಮುಗಿದಳು. ನಮ್ಮದು ಸ್ವಲ್ಪ ದೂರ ಹೋಗಿ ದಡಕ್ಕೇ ತಿರುಗಿ ಬಂತು. ಒಬ್ಬ ಹುಡುಗ ಉದ್ದ ಗಳದಿಂದ ಹೊಳೆಯ ಸೆಳವಿಗೆ ತಳ್ಳಿದ. ಬೆಳಗಾಗುವ ಹೊತ್ತಿಗೆ ನಗರಸಭೆಯವರು ದೋಣಿ ತಂದು ಎಲ್ಲವನ್ನೂ ಎತ್ತುತ್ತಾರೆ.

ಊರಿಗೆ ಬಂದ ಎಂಟನೇ ದಿನ, ಬೇಲಿಯ ಪರಂಗಿಗಿಡದಿಂದ ಎಳೆಕಾಯಿ ಕಿತ್ತು, ತುರಿದು, ನಿಂಬೆ, ಬೆಲ್ಲ, ಹಸಿಮೆಣಸಿನಕಾಯಿ, ಹುರಿದ ಕಡಲೆಬೀಜ ಹಾಕಿ ನಮ್ಮಾಕೆ ಒರಳಲ್ಲಿ ಜಜ್ಜಿದಳು. ಮೀನಿನ ರಸದ ಬದಲು ಉಪ್ಪು. ಗೊಬ್ಬರದ ಅಂಗಡಿ ಯಜಮಾನ ಬಾಕಿ ವಸೂಲಿಗೆ ಅದೇ ಹೊತ್ತಿಗೆ ಬಂದ. ಮೂರು ಸಲ ಬ್ಯಾಂಕಾಕ್ ನೋಡಿದ ಮನುಷ್ಯ. ಒಂದು ಬಟ್ಟಲು ಖಾಲಿ ಮಾಡಿ, ಇನ್ನೊಂದಕ್ಕೆ ಕೈಚಾಚಿ ಕೇಳಿದ: "ಏನಕ್ಕಾ ಇದು, ಹೊಸಾ ಥರ ಕೋಸಂಬರಿ?"